ಕೊಡ್ಲೋ ಬ್ಯಾಡೋ? ಮೂರು ಊರು, ಒಂದೇ ಪ್ರಶ್ನೆ

ಸಿನಿಮಾ ಪತ್ರಿಕೆಗೆ ಬರುವ ಕಾಗದಗಳೆಲ್ಲ ನಟನಟಿಯರ ವಿಳಾಸ ಕೇಳುವ ಕಾಗದಗಳೇ ಎಂದು ತಿಳಿದವರು ಈ ಪುಟವನ್ನು ಓದಿದವರಲ್ಲ ಬಿಡಿ! ಇಲ್ಲಿಗೆ ಮದುವೆಯ ಪ್ರಶ್ನೆ ಬರುತ್ತದೆ, ಹೊಲದ ಪ್ರಶ್ನೆ ಬರುತ್ತದೆ, ಅತ್ತೆ ಸೊಸೆ ಜಗಳವೂ ಬರುತ್ತದೆ. ಈ ವಾರ ಬಂದಿರುವುದು ಗಾಡಿಯ ಪ್ರಶ್ನೆ. ಅದೂ ಒಂದಲ್ಲ, ಮೂರು. ಅಫಜಲಪುರದಿಂದ ಒಂದು, ಆಳಂದದಿಂದ ಒಂದು, ಜೇವರ್ಗಿಯಿಂದ ಒಂದು. ಮೂರೂ ಕಲಬುರಗಿ ಜಿಲ್ಲೆಯ ತಾಲೂಕುಗಳು. ಬರೆದವರಿಗೆ ಒಬ್ಬರ ಮುಖ ಒಬ್ಬರಿಗೆ ಗೊತ್ತಿಲ್ಲ. ಆದರೆ ಮೂವರೂ ಕೇಳಿರುವುದು ಒಂದೇ ಮಾತು: "ನನ್ನ ಗಾಡಿ ಕೊಟ್ಟು ಆ ಗಾಡಿ ತಗೊಳ್ಳಲೋ ಬ್ಯಾಡೋ?"

ಹೆಸರು ಹಾಕಬೇಡಿ ಎಂದಿದ್ದಾರೆ. ಹಾಕುವುದಿಲ್ಲ. ಊರಿನ ಹೆಸರು ಸಾಕು.

"ಸಿನಿಮಾ ಪತ್ರಿಕೆಗೂ ಮೋಟಾರಿಗೂ ಏನ್ರೀ ಸಂಬಂಧ?" ಎಂದು ಕೆಲವರು ಮೂಗು ಮುರಿಯಬಹುದು. ಸಂಬಂಧ ಇದೆ ಸ್ವಾಮೀ, ಗಟ್ಟಿಯಾಗಿಯೇ ಇದೆ. ಈ ಹುಚ್ಚನ್ನು ನಮ್ಮ ಹುಡುಗರ ತಲೆಗೆ ಹತ್ತಿಸಿದ್ದೇ ಟಾಕೀಸು. ಹತ್ತಿಸಿದವರೇ ಇಳಿಸಲೂಬೇಕಲ್ಲ?

ನೋಡಿ, ಪರದೇಶದ ಸಾಹುಕಾರರು ಇದೇ ಪ್ರಶ್ನೆಯನ್ನು ಸ್ಪೋರ್ಟ್ಸ್ ಕಾರಿನ ಬಗ್ಗೆ ಕೇಳಿಕೊಳ್ಳುತ್ತಾರೆ. ಪೋರ್ಷೆ ಕೊಟ್ಟು ಫೆರಾರಿ ತಗೊಳ್ಳಲೋ, ಫೆರಾರಿ ಕೊಟ್ಟು ಪೋರ್ಷೆ ತಗೊಳ್ಳಲೋ ಎಂದು ರಾತ್ರಿ ನಿದ್ದೆಗೆಡುತ್ತಾರೆ. ನಮ್ಮ ಭೀಮಾ ತೀರದವರು ಅಂಥ ಕಾರು ಕಂಡದ್ದು ಹೆಚ್ಚಾಗಿ ಪರದೆಯ ಮೇಲೆಯೇ. 1964ರ 'ಗೋಲ್ಡ್‌ಫಿಂಗರ್'ನಲ್ಲಿ ಜೇಮ್ಸ್ ಬಾಂಡ್ ಆಸ್ಟನ್ ಮಾರ್ಟಿನ್ ಓಡಿಸಿದ. 1977ರ ಹೊತ್ತಿಗೆ ಲೋಟಸ್‌ಗೆ ಬದಲಾದ. ಅದು ಸಮುದ್ರದೊಳಗೂ ಈಜಿತು! 1995ರಲ್ಲಿ ಬಿಎಂಡಬ್ಲ್ಯು ಹತ್ತಿದ. ಹಳೆಯ ಗಾಡಿಗೆ ಎಷ್ಟು ಕಟ್ಟಿದರು, ಮೇಲೆ ಎಷ್ಟು ರೊಕ್ಕ ಕೊಟ್ಟ, ಆರ್.ಸಿ. ಯಾರ ಹೆಸರಿಗೆ ಆಯಿತು? ಒಂದು ಸಿನಿಮಾದಲ್ಲೂ ಹೇಳಲಿಲ್ಲ. ಹೇಳುವ ಅಗತ್ಯವೂ ಇಲ್ಲ. ಕಾರು ಅವನದಲ್ಲ, ಬ್ರಿಟಿಷ್ ಸರ್ಕಾರದ್ದು! ಕೆಟ್ಟರೆ ಸರ್ಕಾರಕ್ಕೆ, ಸುಟ್ಟರೆ ಸರ್ಕಾರಕ್ಕೆ.

ನಮ್ಮ ಕಡೆಯ ಸ್ಪೋರ್ಟ್ಸ್ ಕಾರು ಅಂದರೆ ಎರಡು ಗಾಲಿಯದು. ಒಂದೊಂದು ಕಾಲದ ಹುಡುಗರಿಗೆ ಒಂದೊಂದು ಸಿನಿಮಾ ಒಂದೊಂದು ಗಾಡಿಯ ಆಸೆ ಹಚ್ಚಿತು. 1973ರಲ್ಲಿ ರಾಜ್ ಕಪೂರರ 'ಬಾಬಿ' ಬಂತು. ರಿಷಿ ಕಪೂರ್, ಡಿಂಪಲ್ ಕಪಾಡಿಯಾ ಓಡಾಡಿದ ಪುಟ್ಟ ಗಾಲಿಯ ರಾಜ್‌ದೂತ್ ಜಿಟಿಎಸ್‌ಗೆ ಜನ 'ಬಾಬಿ ಗಾಡಿ' ಎಂದೇ ಹೆಸರಿಟ್ಟರು. 1987ರಲ್ಲಿ ನಮ್ಮ ರವಿಚಂದ್ರನ್ 'ಪ್ರೇಮಲೋಕ' ತಂದರು. ಕಾಲೇಜು ಹುಡುಗನ ಪ್ರೀತಿ ಗೆಲ್ಲಬೇಕಾದರೆ ಮೋಟಾರ್ ಸೈಕಲ್ಲು ಬೇಕೇ ಬೇಕು ಎಂದು ಅರ್ಧ ಕರ್ನಾಟಕ ನಂಬಿತು. 2004ರಲ್ಲಿ ಹಿಂದಿಯ 'ಧೂಮ್' ಬಂದು, ಸುಜುಕಿ ಹಾಯಾಬುಸಾ ಎಂಬ ಜಪಾನೀ ಹೆಸರು ಹಳ್ಳಿಯ ಪಂಚರ್ ಅಂಗಡಿಯವರೆಗೂ ಹೋಯಿತು.

ಪರದೆಯ ಮೇಲಿನ ಗಾಡಿಗೆ ಮೂರು ಸಂಗತಿ ಇರುವುದಿಲ್ಲ. ಪಾರ್ಟು ಸವೆಯುವುದಿಲ್ಲ, ಕಂತು ಬರುವುದಿಲ್ಲ, ಕಾಗದಪತ್ರ ಕೇಳುವುದಿಲ್ಲ. ರಸ್ತೆಯ ಮೇಲಿನ ಗಾಡಿಗೆ ಆ ಮೂರೂ ಇವೆ. ಈ ವಾರದ ಮೂರು ಕಾಗದಗಳೂ ಒಂದೊಂದನ್ನು ಹಿಡಿದುಕೊಂಡೇ ಬಂದಿವೆ. ಒಂದೊಂದಾಗಿ ನೋಡೋಣ.

ಅಫಜಲಪುರದ ಕಾಗದ

"ಅಣ್ಣಾರ, ನಮ್ಮಪ್ಪನ ಯೆಜ್ಡಿ ರೋಡ್‌ಕಿಂಗ್ ಅದ. ಇವತ್ತಿಗೂ ಎರಡ್ನೇ ಕಿಕ್ಕಿಗಿ ಚಾಲೂ ಆಗ್ತದ. ಸೋಲಾಪುರ ಕಡಿ ಒಬ್ಬರ ಹಂತೇಕ ರಾಜ್‌ದೂತ್ 350 ಅದ. ನಿನ್ನ ಗಾಡಿ ಕೊಡು, ಮ್ಯಾಲ ಒಂದೂವರಿ ಲಕ್ಷ ಕೊಡು, ಒಯ್ಯಿ ಅಂತಾರ. ತೊಗರಿ ರೊಕ್ಕ ಕೈಯಾಗ ಅದ. ಅದರ ಅವಾಜ್ ಕೇಳಿದ್ರ ಮೈ ಝುಮ್ ಅಂತದ. ಏನ್ ಮಾಡ್ಲಿ?"

ತಮ್ಮಾ, ಮೈ ಝುಮ್ ಅನ್ನುವುದರಲ್ಲಿ ನಿನ್ನ ತಪ್ಪಿಲ್ಲ. ಆ ಗಾಡಿ ಅಂಥದ್ದೇ. ಯಮಾಹಾ ಆರ್‌ಡಿ 350 ಎಂಬ ಜಪಾನೀ ಗಾಡಿಯನ್ನು ಎಸ್ಕಾರ್ಟ್ಸ್ ಕಂಪನಿಯವರು 1983ರಲ್ಲಿ ರಾಜ್‌ದೂತ್ 350 ಎಂದು ನಮ್ಮ ದೇಶದಲ್ಲಿ ಇಳಿಸಿದರು. 347 ಸಿಸಿ, ಜೋಡಿ ಸಿಲಿಂಡರು, ಆರು ಗೇರು. ಮೊದಲು ಬಂದ ಮಾದರಿಯ ಶಕ್ತಿ ಮೂವತ್ತು ಕುದುರೆಗೂ ಮೇಲೆ. ನಿಮ್ಮಪ್ಪನ ರೋಡ್‌ಕಿಂಗ್ 250 ಸಿಸಿಯದು, ಒಂದೇ ಸಿಲಿಂಡರು, ನಾಲ್ಕು ಗೇರು, ಹದಿನಾರು ಕುದುರೆ. ಲೆಕ್ಕದಲ್ಲಿ ನೋಡಿದರೆ ಪೈಲ್ವಾನನ ಮುಂದೆ ಶಾಲೆಯ ಮಾಸ್ತರನ್ನು ನಿಲ್ಲಿಸಿದ ಹಾಗೆ!

ಆದರೆ ಪೈಲ್ವಾನನಿಗೆ ಹಾಲು, ಬಾದಾಮಿ ಯಾರು ಹಾಕಬೇಕು? ರಾಜ್‌ದೂತ್ 350 ಆ ಕಾಲದಲ್ಲೇ ಸೋತದ್ದು ಓಟದಲ್ಲಲ್ಲ, ಖರ್ಚಿನಲ್ಲಿ. ಪೆಟ್ರೋಲು ನೀರಿನಂತೆ ಕುಡಿಯಿತು. ಪಾರ್ಟು ದುಬಾರಿ. 1985ರಲ್ಲಿ ಹೀರೋ ಹೋಂಡಾ ಸಿಡಿ 100 ಬಂದು ಲೀಟರಿಗೆ ಎಷ್ಟು ಕಿಲೋಮೀಟರ್ ಅನ್ನುವ ಲೆಕ್ಕ ಮನೆಮನೆಗೆ ಕಲಿಸಿದ ಮೇಲೆ, ಇದರ ಆಟ ಮುಗಿಯಿತು. ಆ ದಶಕ ಕಳೆಯುವಷ್ಟರಲ್ಲಿ ತಯಾರಿಯೇ ನಿಂತುಹೋಯಿತು. ಅಂದರೆ ಈಗ ನೀನು ತರಲು ಹೊರಟಿರುವುದು ಮೂವತ್ತೈದು ವರ್ಷಕ್ಕೂ ಹಳೆಯ ಇಂಜಿನ್ನು. ಅದರ ಪಿಸ್ಟನ್ನು, ರಿಂಗು, ಕ್ರ್ಯಾಂಕು ಹುಡುಕಲು ನೀನು ಬೆಂಗಳೂರು, ಪುಣೆಯ ಹವ್ಯಾಸಿಗಳ ಬೆನ್ನು ಹತ್ತಬೇಕು.

ಇನ್ನೊಂದು ಮುಖ್ಯ ಸಂಗತಿ. ಜಪಾನಿನ ಮೂಲ ಗಾಡಿಯ ಮುಂದಿನ ಗಾಲಿಗೆ ಡಿಸ್ಕ್ ಬ್ರೇಕ್ ಇತ್ತು. ನಮ್ಮಲ್ಲಿ ತಯಾರಾದದ್ದಕ್ಕೆ ಡ್ರಮ್ ಬ್ರೇಕ್ ಕೊಟ್ಟರು. ಓಡುವ ಶಕ್ತಿ ಉಳಿಯಿತು, ನಿಲ್ಲುವ ಶಕ್ತಿ ಕಡಿಮೆಯಾಯಿತು. ಟೂ ಸ್ಟ್ರೋಕ್ ಇಂಜಿನ್ನು ಆಕ್ಸಿಲೇಟರ್ ಬಿಟ್ಟರೂ ಗಾಡಿಯನ್ನು ತಾನಾಗಿ ಹೆಚ್ಚು ಹಿಡಿಯುವುದಿಲ್ಲ, ಎಲ್ಲವೂ ಬ್ರೇಕಿನ ಮೇಲೆಯೇ. ಗಾಣಗಾಪುರಕ್ಕೆ ಹುಣ್ಣಿಮೆಯ ದಿನ ದತ್ತಾತ್ರೇಯನ ದರ್ಶನಕ್ಕೆ ಬರುವ ಜನ ರಸ್ತೆ ತುಂಬ ನಡೆಯುತ್ತಿರುವಾಗ ನಿನಗೆ ಬೇಕಾದದ್ದು ಆರನೇ ಗೇರಲ್ಲ, ಬ್ರೇಕು.

ಈಗ ನಿನ್ನ ಯೆಜ್ಡಿಯ ಮಾತು. ಅದು ನಮ್ಮ ಮೈಸೂರಿನ ಕೂಸು. ಐಡಿಯಲ್ ಜಾವಾ ಕಂಪನಿ 1960ರಲ್ಲಿ ಮೈಸೂರಿನಲ್ಲಿ ಹುಟ್ಟಿ, ಮೊದಲು ಜಾವಾ ಹೆಸರಿನಲ್ಲಿ, 1970ರ ದಶಕದಲ್ಲಿ ಯೆಜ್ಡಿ ಹೆಸರಿನಲ್ಲಿ ಗಾಡಿ ತಯಾರಿಸಿತು. ರೋಡ್‌ಕಿಂಗ್ ಬಂದದ್ದು 1978ರಲ್ಲಿ. ಕಾರ್ಖಾನೆಗೆ ಬೀಗ ಬಿದ್ದದ್ದು 1996ರಲ್ಲಿ. ಬೀಗ ಬಿದ್ದರೂ ಗಾಡಿ ಸಾಯಲಿಲ್ಲ. ಪ್ರತಿ ವರ್ಷ ಜುಲೈ ತಿಂಗಳ ಎರಡನೇ ಭಾನುವಾರ ಬೆಂಗಳೂರು, ಮೈಸೂರುಗಳಲ್ಲಿ ಜಾವಾ ಯೆಜ್ಡಿ ಇಟ್ಟುಕೊಂಡವರು ಜಾತ್ರೆಯಂತೆ ಸೇರುತ್ತಾರೆ. 2022ರಲ್ಲಿ ಯೆಜ್ಡಿ ಹೆಸರು ಹೊಸ ಗಾಡಿಯ ಮೇಲೂ ಬಂತು. ಅದರ ಇಂಜಿನ್ನು ಬೇರೆ, ಅದರ ಪಾರ್ಟು ನಿನ್ನದಕ್ಕೆ ಕೂಡುವುದಿಲ್ಲ. ಆದರೆ ಹಳೆಯದರ ಗುಟ್ಟು ಏನೆಂದರೆ, ಅದು ಸರಳ. ಗೇರಿನ ಕಡ್ಡಿಯೇ ಕಿಕ್ಕರ್ ಆಗುವಂಥ ಜಾಣತನದ, ಅಂಗೈಯಷ್ಟು ಲೆಕ್ಕದ ಇಂಜಿನ್ನು. ಬೇವಿನ ಮರದ ಕೆಳಗೆ ಕೂತ ಹಳೇ ಮಿಸ್ತ್ರಿಯೂ ಬಿಚ್ಚಿ ಕಟ್ಟಿಯಾನು.

ಓಡುವ ಗಾಡಿಗಿಂತ ಬಿಚ್ಚಿ ಕಟ್ಟುವ ಮಿಸ್ತ್ರಿ ದೊಡ್ಡವನು ಅನ್ನುವುದಕ್ಕೆ ನಮ್ಮ ರಾಜ್ಯದ್ದೇ ಸಾಕ್ಷಿ ಇದೆ. ಬೆಂಗಳೂರಿನ ಸಿಪಾನಿಯವರು 1982ರಲ್ಲಿ ಡಾಲ್ಫಿನ್ ಎಂಬ ಫೈಬರ್ ಮೈಯ ಪುಟ್ಟ ಕಾರು ತಂದರು. ಹಗುರ ಮೈ, ಚುರುಕು ಓಟ. ರ‍್ಯಾಲಿಗಳಲ್ಲಿ ಹೆಸರು ಮಾಡಿತು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಮಾರುತಿಗೆ ಊರೂರಲ್ಲಿ ಪಾರ್ಟು, ಊರೂರಲ್ಲಿ ಮಿಸ್ತ್ರಿ. ಡಾಲ್ಫಿನ್ ನೆನಪಾಗಿ ಉಳಿಯಿತು. 1998ರಲ್ಲಿ ಸ್ಯಾನ್ ಸ್ಟಾರ್ಮ್ ಎಂಬ ಎರಡೇ ಸೀಟಿನ, ಚಾವಣಿ ತೆಗೆದು ಓಡಿಸುವ, ನೋಡಿದರೆ ಸಿನಿಮಾದ್ದೇ ಅನ್ನಿಸುವ ಕಾರು ನಮ್ಮ ದೇಶದಲ್ಲೇ ತಯಾರಾಯಿತು. ಅದರ ಕಥೆಯೂ ಅದೇ. ಮೆಚ್ಚಿದವರು ಸಾವಿರ, ಕೊಂಡವರು ಕಡಿಮೆ.

ಹಾಗಾಗಿ ನನ್ನ ಉತ್ತರ: ಕೊಡಬೇಡ. ರಾಜ್‌ದೂತ್ 350 ಬೇಕೇ ಬೇಕು ಅಂದರೆ, ಮನೆಯಲ್ಲಿ ದಿನದ ಓಡಾಟಕ್ಕೆ ಬೇರೆ ಗಾಡಿ ಇದ್ದು, ಕೆಟ್ಟು ನಿಂತಾಗ ಆರು ತಿಂಗಳು ಕಾಯುವ ತಾಳ್ಮೆ ಇದ್ದು, ಒಂದೂವರೆ ಲಕ್ಷದ ಮೇಲೆ ಇನ್ನೊಂದಷ್ಟು ಸುರಿಯುವ ಶಕ್ತಿ ಇದ್ದಾಗ ತಗೋ. ಅಪ್ಪನ ಗಾಡಿ ಕೊಟ್ಟು ತಗೊಳ್ಳಬೇಡ. ಎರಡನೇ ಕಿಕ್ಕಿಗೆ ಚಾಲೂ ಆಗುವ ಗಾಡಿಯನ್ನು ಯಾರು ಬಿಡುತ್ತಾರಪ್ಪಾ?

ಆಳಂದದ ಕಾಗದ

"ನಂದು ಆರ್‌ಎಕ್ಸ್ 100. ದಿನಾ ಕಲಬುರಗಿಗಿ ಹೋಗಿ ಬರ್ತೀನಿ. ಶೋರೂಮಿನವ್ರು ಇದನ್ನ ಎಕ್ಸ್‌ಚೇಂಜಿಗಿ ಹಾಕ್ಕೊಂಡು ಡ್ಯೂಕ್ 200 ಕೊಡ್ತೀವಿ, ಉಳಿದದ್ದು ಕಂತು ಅಂತಾರ. ಗೆಳ್ಯಾರು ತಗೋ ತಗೋ ಅಂತಾರ. ಅವ್ವ ಬ್ಯಾಡ ಅಂತಾಳ. ನಮ್ದು ಒಣಬೇಸಾಯ, ತೊಗರಿ ಹಾಕ್ತೀವಿ."

ಈ ತಮ್ಮನ ಪ್ರಶ್ನೆ ಮೊದಲಿನದಕ್ಕೆ ತಿರುಗಾಮುರುಗಾ. ಅಲ್ಲಿ ಹಳೆಯದು ಕೊಟ್ಟು ಇನ್ನೊಂದು ಹಳೆಯದು. ಇಲ್ಲಿ ಹಳೆಯದು ಕೊಟ್ಟು ಹೊಸದು. ಆದ್ದರಿಂದ ಉತ್ತರವೂ ಬೇರೆ.

ಮೊದಲು ಹೊಸದರ ಪರವಾಗಿ ಒಂದು ಮಾತು ಹೇಳಲೇಬೇಕು. ಆರ್‌ಎಕ್ಸ್ 100 ಬಂದದ್ದು 1985ರಲ್ಲಿ, ನಿಂತದ್ದು 1996ರಲ್ಲಿ. 98 ಸಿಸಿ, ಹನ್ನೊಂದು ಕುದುರೆ. ಇಷ್ಟು ಹಗುರ ಗಾಡಿಗೆ ಅಷ್ಟು ಶಕ್ತಿ ಸಿಕ್ಕಿ ಅದು ಚಿಗರೆಯಂತೆ ಹಾರಿತು. ಆದರೆ ಅದರ ಬ್ರೇಕೂ ಡ್ರಮ್ಮೇ, ದೀಪವೂ ಮಬ್ಬೇ. 2019ರ ಏಪ್ರಿಲ್‌ನಿಂದ 125 ಸಿಸಿ ಮೇಲಿನ ಹೊಸ ಗಾಡಿಗಳಿಗೆ ಎಬಿಎಸ್ ಕಡ್ಡಾಯವಾಗಿದೆ. ಎಬಿಎಸ್ ಅಂದರೆ ಗಾಬರಿಯಲ್ಲಿ ಬ್ರೇಕ್ ಒತ್ತಿ ಹಿಡಿದರೂ ಗಾಲಿ ಗಕ್ಕನೆ ಕಚ್ಚಿಕೊಂಡು ಜಾರದಂತೆ ತಾನೇ ಬಿಟ್ಟು ಹಿಡಿದು ನೋಡಿಕೊಳ್ಳುವ ಏರ್ಪಾಟು. ಮಳೆಗಾಲದಲ್ಲಿ ಹೊಲದಿಂದ ಬಂದ ಟ್ರ್ಯಾಕ್ಟರಿನ ಗಾಲಿ ಎರಿ ಮಣ್ಣನ್ನು ಡಾಂಬರಿನ ಮೇಲೆ ಮೆತ್ತಿ ಹೋಗಿರುತ್ತದಲ್ಲ, ಅಲ್ಲಿ ಅದರ ಬೆಲೆ ಗೊತ್ತಾಗುತ್ತದೆ. ದಿನಾ ಆಳಂದ-ಕಲಬುರಗಿ ಹೋಗಿ ಬರುವುದೆಂದರೆ ಎಂಬತ್ತು ಕಿಲೋಮೀಟರಿನ ಮಾತು. ಅಷ್ಟು ಓಡಾಡುವವನಿಗೆ ಹೊಸ ಗಾಡಿ ಬೇಡ ಎಂದು ನಾನು ಹೇಳಲಾರೆ.

ಆದರೆ ಡ್ಯೂಕೇ ಆಗಬೇಕೇ? ಅದು 25 ಕುದುರೆಯ ಗಾಡಿ. ಆನ್ ರೋಡ್ ಎರಡು ಲಕ್ಷ ದಾಟುತ್ತದೆ. ಕಂತು ಬರುವುದು ತಿಂಗಳಿಗೊಮ್ಮೆ, ತೊಗರಿ ಬರುವುದು ವರ್ಷಕ್ಕೊಮ್ಮೆ! ಜೂನ್ ಜುಲೈನಲ್ಲಿ ಬಿತ್ತಿದರೆ ರಾಶಿಯಾಗುವುದು ಡಿಸೆಂಬರ್ ಜನವರಿಗೆ. ನಡುವೆ ಮಳೆ ಕೈಕೊಡಬಹುದು, ನೆಟೆ ರೋಗ ಬರಬಹುದು, ಕಾಯಿಕೊರಕ ಬೀಳಬಹುದು, ಎಲ್ಲ ಚೆನ್ನಾಗಿ ಬಂದ ವರ್ಷವೇ ದರ ಬೀಳಬಹುದು. ತೊಗರಿಯ ಕಣಜ ಎಂದು ನಮ್ಮ ಜಿಲ್ಲೆಗೆ ಹೆಸರು. 2019ರಲ್ಲಿ ಕಲಬುರಗಿ ತೊಗರಿಗೆ ಭೌಗೋಳಿಕ ಗುರುತಿನ ಪಟ್ಟವೂ ಸಿಕ್ಕಿತು. ಆದರೆ ಕಂತಿನವನು ಆ ಪಟ್ಟ ನೋಡಿ ಒಂದು ತಿಂಗಳು ಬಿಡುವುದಿಲ್ಲ. ಕೆಲಸದ ಸಂಬಳವೊಂದರಿಂದಲೇ ಕಂತು ಕಟ್ಟುವುದಾದರೆ ಕಟ್ಟು. ಹೊಲವನ್ನು ನಂಬಿ ಕಂತಿಗೆ ಸಹಿ ಹಾಕಬೇಡ. ನೂರೈವತ್ತು ಸಿಸಿಯ, ಎಬಿಎಸ್ ಇರುವ ಗಾಡಿಯೂ ಅದೇ ರಸ್ತೆಯಲ್ಲಿ ಅದೇ ಹೊತ್ತಿಗೆ ಮುಟ್ಟಿಸುತ್ತದೆ. ನಡುವೆ ಬರುವ ಊರುಗಳಲ್ಲಿ ಎಮ್ಮೆ ಅಡ್ಡ ಬಂದರೆ ಡ್ಯೂಕೂ ನಿಲ್ಲಬೇಕು, ಲೂನಾವೂ ನಿಲ್ಲಬೇಕು.

ಇನ್ನು ಎಕ್ಸ್‌ಚೇಂಜು. ಇದು ಕಿವಿ ಕೊಟ್ಟು ಕೇಳುವ ಮಾತು. ಶೋರೂಮಿನ ಲೆಕ್ಕದಲ್ಲಿ ಹಳೆಯ ಗಾಡಿ ಅಂದರೆ ವಯಸ್ಸಾದ ಗಾಡಿ. ಇಷ್ಟು ವರ್ಷ ಆಯಿತು, ಇಷ್ಟು ಕಳೆಯಿತು, ಉಳಿದದ್ದು ಗುಜರಿ ಎಂದು ಬರೆದುಕೊಳ್ಳುತ್ತಾರೆ. ಹೊರಗಿನ ಪೇಟೆಯಲ್ಲಿ ಆರ್‌ಎಕ್ಸ್‌ನ ಲೆಕ್ಕವೇ ಬೇರೆ. ಕಾಗದ ಸರಿ ಇದ್ದು, ಇಂಜಿನ್ನು ಮೂಲದ್ದೇ ಇದ್ದರೆ ಹುಡುಕಿಕೊಂಡು ಬಂದು ಕೊಳ್ಳುವವರಿದ್ದಾರೆ. ಆದ್ದರಿಂದ ಹೊಸದು ಕೊಂಡರೂ ಇದನ್ನು ಎಕ್ಸ್‌ಚೇಂಜಿಗೆ ಹಾಕಬೇಡ. ಬೇರೆಯಾಗಿ ಮಾರು, ಇಲ್ಲವೇ ಸಂತೆಗೆ ಹೋಗಿ ಬರಲು ಮನೆಯಲ್ಲೇ ಇಟ್ಟುಕೋ. ಅವ್ವನ ಮಾತಿಗೆ ಅರ್ಧ ಗೆಲುವು, ಗೆಳೆಯರ ಮಾತಿಗೆ ಅರ್ಧ ಗೆಲುವು. ಆದರೆ ಕಂತು ಕಟ್ಟುವಾಗ ಗೆಳೆಯರು ಬರುವುದಿಲ್ಲ, ಅವ್ವನೇ ಬರುವವಳು ಎನ್ನುವುದು ನೆನಪಿರಲಿ.

ಜೇವರ್ಗಿಯ ಕಾಗದ

"ಎರಡು ವರ್ಷದ ಹಿಂದ ನನ್ನ ಪಲ್ಸರ್ ಕೊಟ್ಟು ಇನ್ನೊಬ್ಬನ ಗಾಡಿ ತಗೊಂಡೆ. ಚಾ ಅಂಗಡ್ಯಾಗ ಬಾಂಡ್ ಪೇಪರ್ ಮ್ಯಾಲ ಸಹಿ ಆತು. ಆರ್.ಸಿ. ಇನ್ನಾ ಹಳೇ ಹೆಸರಿಗೇ ಅವ, ಅವಂದೂ ನಂದೂ. ಅವ ಆ ಪಲ್ಸರ್ ಮತ್ತ ಯಾರಿಗೋ ಮಾರ್‍ಯಾನಂತ. ಈಗ ನಾನು ಇದನ್ನೂ ಕೊಟ್ಟು ಇನ್ನೊಂದು ಜೋರ್ ಗಾಡಿ ತಗೋಬೇಕಂತ ಮಾಡೀನಿ. ಯಾವ ಗಾಡಿ ಛಲೋ ಹೇಳ್ರಿ."

ತಮ್ಮಾ, ಯಾವ ಗಾಡಿ ಛಲೋ ಎಂದು ನಾನು ಹೇಳುವುದಿಲ್ಲ. ಮೊದಲು ನಿನ್ನ ಪಲ್ಸರ್ ಎಲ್ಲಿದೆ ಹುಡುಕು!

ನೀನು ಕೊಟ್ಟೆ ಅಂದುಕೊಂಡಿದ್ದೀಯ. ಕಾನೂನು ನೀನು ಕೊಟ್ಟಿಲ್ಲ ಅನ್ನುತ್ತದೆ. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಕೊಟ್ಟ ಒಂದು ತೀರ್ಪು ಕೇಳು. ಒಬ್ಬರು ತಮ್ಮ ಕಾರು ಮಾರಿದರು. ಕೊಂಡವರು ಇನ್ನೊಬ್ಬರಿಗೆ ಮಾರಿದರು, ಅವರು ಮತ್ತೊಬ್ಬರಿಗೆ. ಕೈಯಿಂದ ಕೈಗೆ ಕಾರು ಹೋಯಿತು, ಆರ್.ಸಿ.ಯಲ್ಲಿ ಹೆಸರು ಮಾತ್ರ ಮೊದಲಿನವರದ್ದೇ ಉಳಿಯಿತು. 2009ರಲ್ಲಿ ಆ ಕಾರಿನಿಂದ ಅಪಘಾತವಾಗಿ ಒಂದು ಜೀವ ಹೋಯಿತು. ಪರಿಹಾರ ಕೊಡಬೇಕಾದವರು ಯಾರು? "ನಾನು ಮಾರಿ ಎಷ್ಟೋ ಕಾಲವಾಯಿತು, ಓಡಿಸಿದವನ ಮುಖವನ್ನೂ ನೋಡಿಲ್ಲ" ಎಂದರು ಮೊದಲಿನವರು. ಕೋರ್ಟು ಒಪ್ಪಲಿಲ್ಲ. ಆರ್.ಸಿ. ದಾಖಲೆಯಲ್ಲಿ ಯಾರ ಹೆಸರಿದೆಯೋ ಕಾನೂನಿನ ಕಣ್ಣಿಗೆ ಅವರೇ ಮಾಲೀಕರು, ಹೊಣೆಯೂ ಅವರದೇ ಎಂದಿತು. ಸತ್ತವರ ಮನೆಯವರು ಆ ಕೈ ಈ ಕೈ ಹುಡುಕುತ್ತ ಅಲೆಯಬಾರದು ಎನ್ನುವುದು ಅದರ ನ್ಯಾಯ. ನ್ಯಾಯ ಸರಿಯಾದದ್ದೇ. ಆದರೆ ಆ ಜಾಗದಲ್ಲಿ ಈಗ ನೀನು ನಿಂತಿದ್ದೀಯ.

ನಿನ್ನ ಹೆಸರಿನ ಆ ಪಲ್ಸರನ್ನು ಈ ಹೊತ್ತಿನಲ್ಲಿ ಯಾರೋ ಒಬ್ಬ, ಲೈಸೆನ್ಸು ಇದೆಯೋ ಇಲ್ಲವೋ, ವಿಮೆ ಕಟ್ಟಿದ್ದಾನೋ ಇಲ್ಲವೋ, ಭೀಮಾ ಸೇತುವೆ ದಾಟಿಸಿ ಹೈವೇಗೆ ಹತ್ತಿಸುತ್ತಿರಬಹುದು. ಜೇವರ್ಗಿಯ ಮೇಲೆ ಹಾಯುವ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ವಿಜಯಪುರ ಕಡೆಯ ಲಾರಿಗಳ ಸಾಲು ಎಂಥದ್ದೆಂದು ನಿನಗೆ ನಾನು ಹೇಳಬೇಕೇ? ವಿಮೆ ಇಲ್ಲದ ಗಾಡಿ ಯಾರಿಗಾದರೂ ಬಡಿದರೆ ಪರಿಹಾರದ ರೊಕ್ಕಕ್ಕೆ ನಿನ್ನ ಹೊಲ, ನಿನ್ನ ಮನೆ ಲೆಕ್ಕಕ್ಕೆ ಬರುತ್ತವೆ. ಬಾಂಡ್ ಪೇಪರ್ ತೋರಿಸಿದರೆ ಚಾ ಅಂಗಡಿಯವನು ನಂಬಿಯಾನು; ಕೋರ್ಟು ನಂಬುವುದಿಲ್ಲ.

ಏನು ಮಾಡಬೇಕು? ಮೊದಲು ಪಲ್ಸರ್ ತಗೊಂಡವನನ್ನು ಹಿಡಿ, ಅವನಿಂದ ಈಗಿನವನನ್ನು ಹಿಡಿ. ಮೂವರೂ ಕೂತು ಫಾರಂ 29 ಮತ್ತು ಫಾರಂ 30ಕ್ಕೆ ಸಹಿ ಹಾಕಿ. 29 ಅಂದರೆ ಮಾರಿದವನು ಆರ್‌ಟಿಒಗೆ ಕೊಡುವ ತಿಳುವಳಿಕೆ. ರಾಜ್ಯದೊಳಗೇ ಮಾರಿದ್ದರೆ 14 ದಿನದೊಳಗೆ ಕೊಡಬೇಕಿತ್ತು. ತಡವಾದರೂ ಕೊಡು, ದಂಡ ಬಿದ್ದರೆ ಕಟ್ಟು. 30 ಅಂದರೆ ಹೆಸರು ಬದಲಿಸಿ ಎಂಬ ಅರ್ಜಿ. ಜೊತೆಗೆ ಮೂಲ ಆರ್.ಸಿ., ಚಾಲ್ತಿ ವಿಮೆ, ಹೊಗೆ ತಪಾಸಣೆಯ ಚೀಟಿ. ಸಾಲದ ಗಾಡಿಯಾದರೆ ಸಾಲ ತೀರಿದ್ದಕ್ಕೆ ಫಾರಂ 35. ಅವರು ಸಹಿಗೆ ಬರದಿದ್ದರೆ ನೀನೊಬ್ಬನೇ 29 ಕೊಟ್ಟು ಸ್ವೀಕೃತಿ ಇಟ್ಟುಕೋ. ಅಷ್ಟಕ್ಕೇ ಹೊಣೆ ತೀರಿತು ಎಂದು ನಿದ್ದೆ ಮಾಡಬೇಡ. ದಾಖಲೆಯಲ್ಲಿ ಹೆಸರು ಬದಲಾಗುವವರೆಗೆ ಬೆನ್ನು ಬಿಡಬೇಡ.

ಎರಡನೆಯದು, ಈಗ ನಿನ್ನ ಕೈಯಲ್ಲಿರುವ ಗಾಡಿ. ಅದು ಅವನ ಹೆಸರಲ್ಲಿದೆ. ನಿನ್ನದಲ್ಲದ ಗಾಡಿಯನ್ನು ನೀನು ಮೂರನೆಯವನಿಗೆ ಹೇಗೆ ಕೊಡುತ್ತೀ? ಮೊದಲು ನಿನ್ನ ಹೆಸರಿಗೆ ಮಾಡಿಸಿಕೋ. ವಿಮೆಯನ್ನೂ 14 ದಿನದೊಳಗೆ ಹೆಸರು ಬದಲಿಸಲು ಅರ್ಜಿ ಹಾಕಬೇಕೆಂಬ ನಿಯಮವಿದೆ, ಅದೂ ಗಮನದಲ್ಲಿರಲಿ. ಇವೆರಡೂ ಮುಗಿದ ಮೇಲೆ ಮತ್ತೆ ಬರೆ. ಆಗ ಯಾವ ಗಾಡಿ ಛಲೋ ಎಂದು ಕೂತು ಮಾತಾಡೋಣ.

ಅಫಜಲಪುರದ ತಮ್ಮನೂ ಇದನ್ನು ಓದಲಿ. ಸೋಲಾಪುರದ ಗಾಡಿ ಅಂದರೆ ಎಂಎಚ್ 13 ನಂಬರ್ ಇರುತ್ತದೆ. ನಮ್ಮ ಕೆಎ 32ಕ್ಕೆ ತರಬೇಕಾದರೆ ಅಲ್ಲಿಯ ಆರ್‌ಟಿಒದಿಂದ ಫಾರಂ 28ರ ನಿರಾಕ್ಷೇಪಣಾ ಪತ್ರ ಬೇಕು, ಇಲ್ಲಿ ನಮ್ಮ ರಾಜ್ಯದ ತೆರಿಗೆ ಕಟ್ಟಬೇಕು. ಹದಿನೈದು ವರ್ಷ ದಾಟಿದ ಗಾಡಿಯ ನೋಂದಣಿಯನ್ನು ಐದೈದು ವರ್ಷಕ್ಕೆ ತಪಾಸಣೆ ಮಾಡಿಸಿ ನವೀಕರಿಸಿರಬೇಕು. ಇವಿಲ್ಲದ ರಾಜ್‌ದೂತ್ 350 ಅಂದರೆ ಮೂವತ್ತು ಕುದುರೆ ಕಟ್ಟಿದ, ಲಗಾಮಿಲ್ಲದ ಬಂಡಿ.

ಎತ್ತಿನ ಸಂತೆಯ ಬುದ್ಧಿ

ನನಗೆ ಸೋಜಿಗ ಎನ್ನಿಸುವುದು ಒಂದೇ. ಇದನ್ನೆಲ್ಲ ನಮ್ಮ ಜನಕ್ಕೆ ಯಾರೂ ಹೊಸದಾಗಿ ಕಲಿಸಬೇಕಿಲ್ಲ. ಗಾಡಿ ಬರುವ ಮೊದಲೂ ಈ ಪ್ರಶ್ನೆ ಇತ್ತು. ದೇವಣಿ ಎತ್ತು ಕೊಟ್ಟು ಖಿಲಾರಿ ತರಲೋ ಬ್ಯಾಡೋ ಎಂದು ಅಜ್ಜಂದಿರು ಕೇಳಿಕೊಂಡವರೇ. ಖಿಲಾರಿ ಅಂದರೆ ಸೋಲಾಪುರ, ವಿಜಯಪುರ ಕಡೆಯ ಓಟದ ಎತ್ತು. ಬಿಳಿ ಮೈ, ನೀಳ ಕೊಂಬು, ಬಾಣದ ಹಾಗೆ ಓಡುವುದು. ಅದು ಆ ಕಾಲದ ಸ್ಪೋರ್ಟ್ಸ್ ಕಾರು! ದೇವಣಿ ಬೀದರ, ಲಾತೂರ, ನಮ್ಮ ಕಡೆಯದು. ನಿಧಾನ, ಆದರೆ ಎರಿ ಹೊಲದಲ್ಲಿ ದಿನವೆಲ್ಲ ಎಳೆಯುವುದು, ಅದರ ಆಕಳು ಹಾಲನ್ನೂ ಕೊಡುವುದು. ಯಾವುದು ಹೆಚ್ಚು, ಯಾವುದು ಕಡಿಮೆ ಎಂದು ಅಜ್ಜ ಹೇಳುತ್ತಿರಲಿಲ್ಲ. "ನಿನ್ನ ಹೊಲ ಎಂಥಾದ್ದು?" ಎಂದು ಕೇಳುತ್ತಿದ್ದ.

ಸಂತೆಗೆ ಹೋದರೆ ಎತ್ತಿನ ಬಾಯಿ ಬಿಡಿಸಿ ಹಲ್ಲು ಎಣಿಸುವುದು, ಮೈಮೇಲಿನ ಸುಳಿ ನೋಡುವುದು, ನಾಲ್ಕು ಹೆಜ್ಜೆ ನಡೆಸಿ ಕಾಲು ನೋಡುವುದು, ದಲಾಲನ ಟವೆಲ್ಲಿನ ಕೆಳಗೆ ಬೆರಳು ಹಿಡಿದು ದರ ಮಾತಾಡುವುದು. ಎಷ್ಟು ಜೋರಾಗಿ ಮಾತಾಡಿದರೂ ಅಜ್ಜ ಸುಳಿ ನೋಡದೆ ಕೈ ಒತ್ತುತ್ತಿರಲಿಲ್ಲ. ಅದೇ ಅಜ್ಜನ ಮೊಮ್ಮಗ ಗಾಡಿಯ ಚಾಸಿ ನಂಬರ್ ಆರ್.ಸಿ.ಗೆ ಹೊಂದುತ್ತದೋ ಇಲ್ಲವೋ ನೋಡದೆ ಒಂದೂವರೆ ಲಕ್ಷ ಎಣಿಸುತ್ತಾನೆ! ಆರ್.ಸಿ.ಯೇ ಗಾಡಿಯ ಹಲ್ಲು. ಚಾಸಿ ನಂಬರೇ ಸುಳಿ. ಬ್ರೇಕೇ ಕಾಲು. ಸರ್ಕಾರದ ಪರಿವಾಹನ್ ತಾಣದಲ್ಲಿ ಗಾಡಿಯ ನಂಬರ್ ಹಾಕಿದರೆ ನೋಂದಣಿ ಎಲ್ಲಿಯವರೆಗೆ, ವಿಮೆ ಎಲ್ಲಿಯವರೆಗೆ ಎನ್ನುವುದು ಮೊಬೈಲಿನಲ್ಲೇ ಕಾಣುತ್ತದೆ. ಬಾಯಿ ಬಿಡಿಸುವ ಕಷ್ಟವೂ ಇಲ್ಲ.

ಕಡೆಯ ಮಾತು ಸಿನಿಮಾದವರದ್ದೇ. ಶಂಕರ್‌ನಾಗ್ 1985ರಲ್ಲಿ 'ಆಕ್ಸಿಡೆಂಟ್' ಎಂಬ ಚಿತ್ರ ಮಾಡಿದರು. ಮತ್ತಿನಲ್ಲಿ ಕಾರು ಓಡಿಸಿ ರಸ್ತೆ ಬದಿ ಮಲಗಿದ್ದ ಬಡವರ ಮೇಲೆ ಹಾಯಿಸಿದ ಶ್ರೀಮಂತರ ಮಗನ ಕಥೆ ಅದು. ವಿಧಿಯ ಆಟ ನೋಡಿ, ಅದೇ ಶಂಕರ್‌ನಾಗ್ 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ರಸ್ತೆ ಅಪಘಾತದಲ್ಲಿ ಹೋದರು. ವಯಸ್ಸು ಇನ್ನೂ ಮೂವತ್ತೈದು. 'ನಾನು ಅವನಲ್ಲ ಅವಳು' ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ಸಂಚಾರಿ ವಿಜಯ್ 2021ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ಬೈಕಿನ ಹಿಂದೆ ಕೂತು ಹೊರಟವರು, ಬೈಕು ಜಾರಿ ತಲೆಗೆ ಪೆಟ್ಟಾಗಿ ಉಳಿಯಲಿಲ್ಲ. ತಲೆಯ ಮೇಲೆ ಹೆಲ್ಮೆಟ್ ಇರಲಿಲ್ಲ. ಮನೆಯವರು ಅವರ ಅಂಗಾಂಗ ದಾನ ಮಾಡಿದರು. ಇವರನ್ನು ನೆನೆಯುತ್ತಿರುವುದು ಹೆದರಿಸಲಿಕ್ಕಲ್ಲ. ಪರದೆಯ ಮೇಲೆ ಬಿದ್ದ ನಾಯಕ ಮುಂದಿನ ರೀಲಿನಲ್ಲಿ ಎದ್ದು ಬರುತ್ತಾನೆ, ರಸ್ತೆಯ ಮೇಲೆ ಆ ಮುಂದಿನ ರೀಲು ಇರುವುದಿಲ್ಲ ಎಂದು ಹೇಳಲಿಕ್ಕೆ.

ಆದ್ದರಿಂದ ಮೂವರು ತಮ್ಮಂದಿರಿಗೂ, ಇವರಂತೆಯೇ ಮನಸ್ಸಿನಲ್ಲಿ ಗಾಡಿ ಅದಲಿಬದಲಿ ಮಾಡುತ್ತಿರುವ ಉಳಿದ ಮುನ್ನೂರು ಮಂದಿಗೂ ಈ ವಾರದ ತೀರ್ಪು ಇಷ್ಟು. ಅಫಜಲಪುರ: ಕೊಡಬೇಡ. ಆಳಂದ: ಹೊಸದು ತಗೋ, ಸಣ್ಣದು ತಗೋ, ಹಳೆಯದನ್ನು ಎಕ್ಸ್‌ಚೇಂಜಿಗೆ ಸುರಿಯಬೇಡ. ಜೇವರ್ಗಿ: ಗಾಡಿಯ ಮಾತೇ ಬೇಡ, ಸೋಮವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಕಲಬುರಗಿ ಆರ್‌ಟಿಒ ಕಚೇರಿಗೆ ಹೋಗು. ಬಸ್ಸಿನಲ್ಲೇ ಹೋಗು!

ಮುಂದಿನ ವಾರ ಮತ್ತೆ ಇದೇ ಪುಟದಲ್ಲಿ. ಕಾಗದ ಬರೆಯುತ್ತಿರಿ. ಹೆಲ್ಮೆಟ್ ಹಾಕಿಕೊಂಡೇ ಅಂಚೆ ಡಬ್ಬಿಯ ತನಕ ಹೋಗಿ ಬನ್ನಿ.